ಗಾರ್ಮೆಂಟ್ಸಿನ ನೆಲದಡಿಯ ನಮ್ಮವರು

ಗೌರಿಬಿದನೂರಿನ ಹತ್ತಿರ ಒಂದು ಗಾರ್ಮೆಂಟ್ಸಿನಲ್ಲಿ ನಾನು ಕಾಲರ್ ಹೊಲಿಯುತ್ತಿದ್ದ ವರ್ಷ, ಪಕ್ಕದ ಮಿಷನ್ನಿಗೆ ಜಾರ್ಖಂಡಿನ ಒಬ್ಬ ಹುಡುಗಿ ಬಂದಳು. ಮಾತು ಕಡಿಮೆ. ಊಟದ ಬೆಲ್ ಹೊಡೆದು ಎಲ್ಲರೂ ಕ್ಯಾಂಟೀನಿನತ್ತ ಓಡಿದರೆ, ಅವಳು ಡಬ್ಬಿ ಹಿಡಿದು ಉತ್ತರದ ಮೂಲೆಗೆ ಹೋಗಿ ಗೋಡೆಯ ಬುಡದಲ್ಲಿ ಅನ್ನ ಇಟ್ಟು ಬರುತ್ತಿದ್ದಳು. ಐದು ಪುಟ್ಟ ಗುಡ್ಡೆ. ಇಲಿ ಬರುತ್ತವೆಂದು ಸೂಪರ್‌ವೈಸರ್ ಬೈದರೂ ಬಿಡಲಿಲ್ಲ.

ಒಂದು ದಿನ ಯಾಕೆ ಅಂತ ಕೇಳಿದೆ. ಅವರ ಕಡೆ ಸತ್ತವರನ್ನು ಊರೊಳಗೇ ಹೂತು ಮೇಲೆ ದೊಡ್ಡ ಚಪ್ಪಡಿ ಕಲ್ಲು ಇಡುತ್ತಾರಂತೆ. ಈ ಊರು ನಮ್ಮದು ಅನ್ನುವುದಕ್ಕೆ ಅವರಿಗೆ ಆ ಕಲ್ಲುಗಳೇ ಸಾಕ್ಷಿಯಂತೆ. ಕಲ್ಲಿದ್ದಲ ಗಣಿಗೆ ಊರು ಹೋದಾಗ ಕಲ್ಲುಗಳೂ ಹೋದವು. ಇಷ್ಟನ್ನು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿ ದನಿ ತಗ್ಗಿಸಿದಳು.

“ಇಲ್ಲಿ ಕೂಡ ಇದ್ದಾರೆ ದೀದಿ. ಆ ಮೂಲೆಯಲ್ಲಿ. ಹಸಿದಿದ್ದಾರೆ.”

ನಮ್ಮ ಗಾರ್ಮೆಂಟ್ಸ್ ಇದ್ದ ಕೈಗಾರಿಕಾ ಪ್ರದೇಶದೊಳಗೆ ಎಲ್ಲೋ ನಮ್ಮ ಹೊಲವೂ ಇತ್ತು. ನಾನು ಚಿಕ್ಕವಳಿದ್ದಾಗ ಅದು ಸರ್ಕಾರದ ವಶಕ್ಕೆ ಹೋಗಿತ್ತು. ನಮ್ಮವರೂ ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡಿ ತಲೆಯ ಕಡೆ ಒಂದು ಕಲ್ಲು ನೆಡುತ್ತಿದ್ದರು. ಬದು, ಬಾವಿ, ಹುಣಸೆಮರ, ಹೊಲದಲ್ಲಿದ್ದ ಹಳೇ ಮನೆ ಎಲ್ಲ ನೆಲಸಮವಾಗಿ ಪ್ಲಾಟುಗಳಾದ ಮೇಲೆ, ನಮ್ಮದು ಯಾವ ಕಾಂಪೌಂಡಿನೊಳಗೆ ಸೇರಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿಗೆ ಹೇಳಿದೆ. ಎರಡು ಕಣ್ಣಿಗೂ ಪೊರೆ ಬಂದು ಅವಳಿಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಂದು ಸಲ ಅಲ್ಲಿಗೆ ತನ್ನನ್ನು ಕರೆದುಕೊಂಡು ಹೋಗು ಅಂದಳು.

ಆಯುಧಪೂಜೆಯ ದಿನ ಮನೆಯವರನ್ನೂ ಒಳಗೆ ಬಿಡುತ್ತಾರೆ. ಮಿಷನ್ನುಗಳಿಗೆ ಚೆಂಡುಹೂವು ಮುಡಿಸಿದ್ದರು. ಮೋಟಾರುಗಳೆಲ್ಲ ನಿಂತು, ಅಷ್ಟು ದೊಡ್ಡ ಶೆಡ್ಡು ಎಂದೂ ಇಲ್ಲದಷ್ಟು ಮೌನವಾಗಿತ್ತು. ಬಾಗಿಲು ದಾಟಿದ್ದೇ ಅಜ್ಜಿ ನನ್ನ ಕೈ ಬಿಟ್ಟಳು. ಕೋಲನ್ನೂ ಊರದೆ ಮಿಷನ್ನುಗಳ ಸಾಲಿನ ನಡುವೆ ನಡೆದಳು. ಗಾಜಿನಂಥ ನುಣ್ಣನೆಯ ನೆಲ. ಅದರ ಮೇಲೆ ಮೂರು ಕಡೆ ಅವಳು ಸೀರೆಯ ನೆರಿಗೆ ಹಿಡಿದು, ಕಾಲೆತ್ತಿ ಏನನ್ನೋ ದಾಟಿದಳು. ಮೂರನೆಯ ಸಲ ನನಗೆ ಅರ್ಥವಾಯಿತು. ಅವಳು ಹೊಲದ ಬದುಗಳನ್ನು ದಾಟುತ್ತಿದ್ದಳು. ಒಂದು ಕಡೆ ತಲೆ ಬಗ್ಗಿಸಿ ನಡೆದಳು. ಹುಣಸೆಯ ಕೊಂಬೆ ಅಲ್ಲಿ ತಗ್ಗಾಗಿ ಚಾಚಿಕೊಂಡಿತ್ತೆಂದು ಆಮೇಲೆ ಹೇಳಿದಳು.

ಉತ್ತರದ ಮೂಲೆಗೆ ಬಂದು ನಿಂತಳು. ಆ ಹುಡುಗಿ ಅಲ್ಲೇ ಕೂತಿದ್ದಳು. ಅಜ್ಜಿ ಕುಕ್ಕರಿಸಿ, ನೆಲಕ್ಕೆ ಅಂಗೈ ಒತ್ತಿ, ನಮ್ಮ ಮನೆಮಾತಾದ ತೆಲುಗಿನಲ್ಲಿ ಮೆಲ್ಲಗೆ, “ನೇನೇ ಒಚ್ಚಿನಾ. ತಿನಂಡಿ” ಅಂದಳು. ನಾನೇ ಬಂದಿದೀನಿ, ಉಣ್ಣಿ ಅಂತ. ಒಬ್ಬೊಬ್ಬರ ಹೆಸರು ಹಿಡಿದು ಪೂಜೆಯ ಕಡಲೆಪುರಿ ಇಟ್ಟಳು. ಅವಳ ಅತ್ತೆಗೆ, ಮಾವನಿಗೆ, ಮೈದುನನಿಗೆ, ನನ್ನ ತಾತನಿಗೆ. ಗಂಡನ ಹೆಸರನ್ನು ಬಾಯಲ್ಲಿ ಎಂದೂ ಎತ್ತದವಳು ಅಂದು ಅದನ್ನೂ ಕರೆದಳು.

ನಾಲ್ಕು ಗುಡ್ಡೆ ಆಯಿತು. ಹುಡುಗಿ ಅಜ್ಜಿಯ ಕೈ ಹಿಡಿದು ಇನ್ನೊಂದು ಗೇಣು ಆಚೆಗೆ ಸರಿಸಿದಳು.

“ಐದು,” ಅಂದಳು. “ಚಿಕ್ಕದು.”

ಅಜ್ಜಿ ಹುಡುಗಿಯತ್ತ ಮುಖ ತಿರುಗಿಸಿದಳು. “ನಿಂಗ್ಯಾರಮ್ಮ ಹೇಳಿದ್ದು?” ಅಂತ ಕೇಳಿದಳು. ಹುಡುಗಿ, ಯಾರೂ ಹೇಳಿಲ್ಲ ಅನ್ನುವಂತೆ ತಲೆಯಾಡಿಸಿದಳು.

ನನ್ನ ಅಪ್ಪನಿಗಿಂತ ಮುಂಚೆ ಅಜ್ಜಿಗೊಂದು ಹೆಣ್ಣುಕೂಸು ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿತ್ತು. ಹಸುಗೂಸಿಗೆ ನಮ್ಮಲ್ಲಿ ಕಲ್ಲು ನೆಡುವುದಿಲ್ಲ. ಅದು ಅಲ್ಲಿದೆಯೆಂದು ತಿಳಿದವರಲ್ಲಿ ಉಳಿದವಳು ಅಜ್ಜಿ ಒಬ್ಬಳೇ. ನನ್ನ ಅಪ್ಪನಿಗೂ ಗೊತ್ತಿರಲಿಲ್ಲ; ನನಗೂ ಅವಳು ಹೇಳಿದ್ದು ಅಂದೇ.

ನಿನ್ನವರೆಲ್ಲಿ ಮಲಗಿದ್ದಾರೆ ಎಂದು ಅಜ್ಜಿ ಹುಡುಗಿಯನ್ನು ಕೇಳಿದಳು. ನಾನು ಹಿಂದಿಯಲ್ಲಿ ದಾಟಿಸಿದೆ. ಹುಡುಗಿ ಫೋನಿನಲ್ಲಿ ಮ್ಯಾಪ್ ತೆಗೆದು ದೊಡ್ಡದು ಮಾಡುತ್ತಾ ಹೋದಳು. ಕಾಡಿನ ಹಸಿರು ಸರಿದು ಪರದೆಯ ತುಂಬ ಕಪ್ಪು ಹೊಂಡವೊಂದೇ ಉಳಿಯಿತು. ಅದರ ನಡುವೆ, ಏನೂ ಇಲ್ಲದ ಜಾಗದಲ್ಲಿ, ಬೆರಳಿಟ್ಟಳು. ಅಜ್ಜಿಗೆ ಅದು ಕಾಣುವ ಹಾಗಿರಲಿಲ್ಲ. ಆದರೂ ಫೋನನ್ನು ಈಸಿಕೊಂಡು ಕಣ್ಣಿಗೊತ್ತಿಕೊಂಡಳು.

ದೀಪಾವಳಿಗೆ ಜಾರ್ಖಂಡಿಗೆ ಹೋದ ಹುಡುಗಿ ತಿರುಗಿ ಬರಲಿಲ್ಲ. ಅಜ್ಜಿ ಮಾತ್ರ, ಇಷ್ಟು ವರ್ಷ ಹೊಲದ ಸುದ್ದಿಯನ್ನೇ ಎತ್ತದವಳು, ದಿನಾ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದಳು. ಒಂದೊಂದು ಹೊಲಕ್ಕೂ, ಒಂದೊಂದು ಬಂಡೆಗೂ ತೆಲುಗಿನಲ್ಲಿ ಒಂದು ಹೆಸರಿತ್ತು. ಕಾಗದಪತ್ರದಲ್ಲಿ ಇದ್ದದ್ದು ಬರೀ ಸರ್ವೆ ನಂಬರ್; ಆ ಹೆಸರುಗಳು ಎಲ್ಲೂ ಇರಲಿಲ್ಲ. ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಸತ್ತವರ ಹೆಸರನ್ನೂ ಬರೆದು, ಆ ಕೂಸಿಗೆ ಈಗಲಾದರೂ ಒಂದು ಹೆಸರಿಡೋಣವೇ ಅಂತ ಕೇಳಿದೆ.

“ಬ್ಯಾಡಮ್ಮ,” ಅಂದಳು. “ಹೆಸ್ರಿಟ್ರೆ ಕರೀಬೇಕು ಅನ್ಸುತ್ತೆ. ಕರದ್ರೆ ಎದ್ ಬರತ್ತೆ. ಬಂದ್ರೆ, ಅದು ಕಂಡಿರೋ ಮನೆ ಈಗೆಲ್ಲೈತೆ?”

ಆಮೇಲೆ, ನೀರಿನ ಕುಂಟೆಯ ಪಕ್ಕದ ಹೊಲದ ಹೆಸರು ಬರೆದುಕೋ ಅಂದಳು.