ಕುಡಿಯದವನ ಎಡೆ

ನನ್ನ ಮೈದುನ ಕುಡಿದು ಸತ್ತ ಅಂತ ಊರು ಹೇಳುತ್ತದೆ. ಸುಳ್ಳು. ಅವನ ಎದೆ ನಿಂತಿತು, ಅಷ್ಟೆ. ಅವನ ಬೆರಳೆಲ್ಲ ನಿಂಬೆಸಿಪ್ಪೆ ವಾಸನೆ, ಹುಳಿ ತಾಗಿ ತಾಗಿ ಉಗುರಂಚು ಬಿಳಚಿಕೊಂಡಿತ್ತು. ಬಾಯಿ ಒಂದು ದಿನವೂ ನಾರಿದ್ದಿಲ್ಲ.

ನಂಜನಗೂಡಿನಾಚೆ ಒಂದು ರೆಸಾರ್ಟಿನ ಬಾರಿನಲ್ಲಿ ಡ್ರಿಂಕ್ಸ್ ಬೆರೆಸುವ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದ. ಒಬ್ಬನೇ ಮಗ, ಟಿ. ನರಸೀಪುರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಆಗ ಮಾಲೀಕ, "ವಿಸ್ಕಿಗೆ ನಮ್ಮ ಕಡೆ ಬೆಲ್ಲ ಹಾಕಿ ಹೊಸ ಕಾಕ್‌ಟೇಲ್ ಮಾಡು, ಆಗದಿದ್ರೆ ಬೇರೆಯವನನ್ನ ನೋಡ್ತೀನಿ" ಅಂದುಬಿಟ್ಟ. ಕೆಲಸ ಹೋದರೆ ಮಗನ ಓದೂ ಹೋಗುತ್ತಿತ್ತು.

ಬನ್ನೂರು ಬೆಲ್ಲ ತಂದು ನನ್ನ ಒಲೆ ಮುಂದೆ ಕೂತ. ಮೊದಲ ದಿನ ಬೆಲ್ಲ ಕುಟ್ಟಿ ವಿಸ್ಕಿಗೆ ಹಾಗೇ ಸುರಿದ. ಲೋಟದ ತಳದಲ್ಲಿ ಗಸಿ.

"ಕೆರೆ ನೀರು ಇದ್ದಂಗದೆ" ಅಂದೆ. "ಪಾಯಸಕ್ಕೆ ಕಾಸಿ ಸೋಸಲ್ವಾ? ಇದಕ್ಯಾಕೆ ಸೋಮಾರಿತನ?"

ಕಾಸಿ ಸೋಸಿದ. ಬಿಸಿ ಪಾಕಕ್ಕೇ ನಿಂಬೆ ಹಿಂಡಿದ, ಕಹಿಯಾಯಿತು. ಮಾರನೇ ದಿನ ಪಾಕ ಆರಿದ ಮೇಲೆ ಹಿಂಡಿದ, ಜೊತೆಗೆ ಹಾಕಿದ ಶುಂಠಿ ಹೆಚ್ಚಾಯಿತು. ಪ್ರತಿ ಸಲವೂ ಚಮಚದ ತುದಿ ನಾಲಿಗೆಗೆ ಮುಟ್ಟಿಸಿ, ಹಿತ್ತಲಿಗೆ ಓಡಿ ಉಗಿದು, ಬಾಯಿ ಮುಕ್ಕಳಿಸಿ ಬರುತ್ತಿದ್ದ.

"ನುಂಗಿದ್ರೆ ನಾಲಿಗೆ ಸುಳ್ಳು ಹೇಳ್ತದೆ ಅತ್ತಿಗೆ."

ಬೇಲಿಯಾಚೆಯಿಂದ ನೋಡಿದವರು ಕುಡಿದು ವಾಂತಿ ಮಾಡ್ತಾನೆ ಅಂತ ಊರು ತುಂಬ ಹೇಳಿದರು. ಅವನು ಪಾಕದಿಂದ ತಲೆ ಎತ್ತಲಿಲ್ಲ. ಒಂಬತ್ತನೇ ದಿನ ರುಚಿ ಹಿಡಿಯಿತು. ಕೆಲಸ ಉಳಿಯಿತು, ಮಗನ ಓದು ಮುಗಿಯಿತು. ಹೋದ ವರ್ಷ ಮೈದುನನೂ ತೀರಿಕೊಂಡ.

ಪಿತೃಪಕ್ಷದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮ ಪದ್ಧತಿ. ಮಗ ವಿಸ್ಕಿ ಬಾಟ್ಲಿ ತಂದು ಅಪ್ಪನ ಪಟದ ಮುಂದೆ ಇಟ್ಟ.

"ಇದ್ಯಾಕ್ಲಾ?"

"ಅಪ್ಪಂಗೆ ಇಷ್ಟ ಅಲ್ವಾ ದೊಡ್ಡವ್ವ."

"ನಿಮ್ಮಪ್ಪ ಕುಡೀತಿರ್ಲಿಲ್ಲ."

"ಬುಡು ದೊಡ್ಡವ್ವ, ನೀನ್ಯಾಕೆ ಮುಚ್ಚಾಕ್ತೀಯ. ಊರೇ ನೋಡ್ಯದೆ."

"ಊರು ನೋಡಿದ್ದು ಉಗಿದದ್ದನ್ನ ಕಣ್ಲಾ, ಕುಡಿದದ್ದನ್ನಲ್ಲ."

ನಕ್ಕು ಗಂಧದಕಡ್ಡಿ ಹಚ್ಚಿದ. ನೆಂಟರು ಕೂತಿದ್ದರು, ಊಟಕ್ಕೆ ಎಲೆ ಹಾಕಲು ಹೋದೆ.

ಮಾರನೇ ಬೆಳಿಗ್ಗೆ ಬಾಟ್ಲಿಯನ್ನು ಬಚ್ಚಲಿಗೆ ಸುರಿದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದು ಲೋಟ ಮಜ್ಜಿಗೆ ಅಣಿ ಮಾಡಿದೆ. ಅವನು ಬಾಯಿಬಿಟ್ಟು ಕೇಳಿ ಉಣ್ಣುತ್ತಿದ್ದುದು ಇಷ್ಟೇ. ಎರಡು ಸಲ ಎಡೆ ಇಡಬಾರದು ಅಂತ ನೆಂಟರು ಅಡ್ಡ ಬಂದರು. ಮಲಗಿದ್ದ ಮಗನನ್ನು ಎಬ್ಬಿಸಿ, ಪಟದ ಮುಂದೆ ನಿಲ್ಲಿಸಿ, ಎಡೆ ಇಟ್ಟೆ.