ದೊಡ್ಡಮುನಿಯಪ್ಪನ ಎಡಗೈ ಹೆಬ್ಬೆಟ್ಟು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ದೊಡ್ಡಮುನಿಯಪ್ಪನಷ್ಟು ಅನುಮಾನದ ಮನುಷ್ಯ ಇನ್ನೊಬ್ಬನಿಲ್ಲ. ರೇಷನ್ ಅಂಗಡಿಯ ಯಂತ್ರಕ್ಕೆ ಬೆರಳು ಕೊಡುವ ಮುಂಚೆ ಅದರ ಹಿಂದೆ ಮುಂದೆ ಬಗ್ಗಿ ನೋಡುವ ಆಸಾಮಿ. ಅದಕ್ಕೆ ಕಾರಣವೂ ಇತ್ತೆನ್ನಿ. ಅವನ ಅಪ್ಪ ಬೈರಪ್ಪನನ್ನು ಯಾರೋ ಪುಣ್ಯಾತ್ಮರು ಬಾಡೂಟಕ್ಕೆ ಕರೆದು, ಮುದ್ದೆ ಮುರಿಯುವಾಗಲೇ ನಯವಾಗಿ ಮಾತಾಡಿ, ಕೈ ತೊಳೆದ ಕೂಡಲೇ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಕೆರೆ ಕೆಳಗಿನ ಜಮೀನು ಹೋಯಿತು. ಉಳಿದದ್ದು ಹಿಪ್ಪುನೇರಳೆ ಬೆಳೆಯುವ ಎರಡೆಕರೆ. ಓದು ಬಾರದ ದೊಡ್ಡಮುನಿಯಪ್ಪನಿಗೆ ಆಸ್ತಿ ಅಂದರೆ ಅದೇ, ಅದರ ಬೀಗ ಅಂದರೆ ಅವನ ಎಡಗೈ ಹೆಬ್ಬೆಟ್ಟು.

ಇಂಥವನನ್ನು ಮಗಳು ಶಿಲ್ಪ, ಅಳಿಯ ನಂದೀಶ್ ದೇವನಹಳ್ಳಿ ಕಡೆಯ ಯಾವುದೋ ಜಪಾನಿ ಹೋಟೆಲಿಗೆ ಊಟಕ್ಕೆ ಕರೆದರು. ಹಬ್ಬವಿಲ್ಲ, ಹರಿದಿನವಿಲ್ಲ. ಯಾಕಮ್ಮ ಅಂದರೆ ಮಗಳು ಫೋನಿನಲ್ಲಿ ಬಾಯಿ ಬಿಡಲೊಲ್ಲಳು. ಪಕ್ಕದಲ್ಲೇ ತಮ್ಮನ ಮಗ ಮಂಜೇಶ ಕೂತಿದ್ದ. ದಿನಾ ಜಗಲಿಗೆ ಬಂದು ದೊಡ್ಡಪ್ಪನಿಗೆ ಪೇಪರು, ಪಹಣಿ ಎಲ್ಲ ಓದಿ ಹೇಳುವವನು ಅವನೇ. ದೊಡ್ಡಮುನಿಯಪ್ಪ ಊರಲ್ಲಿ ನಂಬಿದ್ದು ಈ ಒಬ್ಬನನ್ನು.

"ಹುಷಾರು ದೊಡ್ಡಪ್ಪ," ಅಂದ ಮಂಜೇಶ. "ಸುಮ್‌ಸುಮ್ನೆ ಊಟಕ್ಕೆ ಕರೀತಾರಾ? ಬೆಟ್ಟು ಗಿಟ್ಟು ಒತ್ತು ಅಂದ್ರೆ ಒತ್ಬಿಟ್ಟೀಯ!"

ಆ ಮಾತನ್ನು ತಲೆಯಲ್ಲಿ ತುಂಬಿಕೊಂಡೇ ದೊಡ್ಡಮುನಿಯಪ್ಪ ಹೋಟೆಲಿಗೆ ಕಾಲಿಟ್ಟ. ಮೇಜಿನ ನಡುವೆ ಗುಂಡಿ, ಅದರಲ್ಲಿ ನಿಗಿನಿಗಿ ಕೆಂಡ, ಮೇಲೊಂದು ಜಾಲರಿ. ಬಡಿಸುವ ಹುಡುಗಿ ಬಂದು ಕ್ಷೌರಕ್ಕೆ ಕೂರಿಸಿದ ಹಾಗೆ ಅವನ ಕತ್ತಿನ ಸುತ್ತ ಬಟ್ಟೆ ಕಟ್ಟಿದಳು. ಆಮೇಲೆ ತಟ್ಟೆಯಲ್ಲಿ ತೆಳ್ಳಗೆ ಕೊಯ್ದ ಹಸಿ ಕೋಳಿ ತಂದಿಟ್ಟಳು. ಹಸಿಹಸೀದು!

"ಬೇಯ್ಸಾಕೂ ಗತಿ ಇಲ್ವೇನಮ್ಮ ಇವ್ರಿಗೆ?"

"ಇಲ್ಲಿ ನಾವೇ ಸುಟ್ಕೊಂಡು ತಿನ್ನೋದು ಮಾವ," ಎಂದು ನಂದೀಶ್ ಕೋಳಿಯನ್ನೆಲ್ಲ ಜಾಲರಿ ಮೇಲೆ ಹರವಿ, ಇಕ್ಕಳವನ್ನು ಮಾವನತ್ತ ಚಾಚಿದ.

ದೊಡ್ಡಮುನಿಯಪ್ಪ ಮುಟ್ಟಲಿಲ್ಲ. ದುಡ್ಡೂ ಕೊಟ್ಟು ಅಡುಗೆಯೂ ನಾವೇ ಮಾಡುವುದಂತೆ! ಯಾರ ಕಿವಿ ಮೇಲೆ ಹೂ ಇಡುತ್ತಿದ್ದಾರೆ ಇವರು? ಅಷ್ಟರಲ್ಲಿ ಆ ಹುಡುಗಿ ಸ್ಲೇಟಿನಂಥ ಟ್ಯಾಬೊಂದನ್ನು ಅವನ ಮುಂದೆಯೇ ಇಟ್ಟಳು.

"ಅಂಕಲ್, ಇನ್ನೇನಾದ್ರೂ ಬೇಕಂದ್ರೆ ಇಲ್ಲಿ ಬೆರಳಲ್ಲಿ ಒತ್ತಿ."

ದೊಡ್ಡಮುನಿಯಪ್ಪ ಎಡಗೈ ಮುಷ್ಟಿ ಕಟ್ಟಿ ತೊಡೆ ಕೆಳಗೆ ತುರುಕಿಕೊಂಡ.

"ಒತ್ತಲ್ಲ! ನಮ್ಮಪ್ಪನ್ಗೂ ಹಿಂಗೇ ಬಾಡಿಕ್ಕಿ ಒತ್ತುಸ್ಕೊಂಡ್ರು. ಹೊಟ್ಟೇಲಿ ಹುಟ್ಟಿದ್ ಮಗ್ಳು ನೀನೂ ಹಂಗೇ ಮಾಡ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ."

ಶಿಲ್ಪಳ ಮುಖ ಸಣ್ಣಗಾಯಿತು. ಜಾಲರಿಯ ಮೇಲೆ ಕೋಳಿ ಸುಡುತ್ತಲೇ ಇತ್ತು, ತಿರುವುವವರಿಲ್ಲ. ಅವಳು ಬ್ಯಾಗಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಅಪ್ಪನ ಮುಂದೆ ಬಿಡಿಸಿದಳು.

"ಇದು ನಮ್ ಎರಡೆಕ್ರೆ ಮಾರೋ ಕರಾರು ಕಣಪ್ಪ. ಮಂಜೇಶ ತಂದ್ಕೊಟ್ಟ. 'ದೊಡ್ಡಪ್ಪ ಬೆಟ್ಟು ಒತ್ತಾಯ್ತು, ಮಗ್ಳು ಅಂತ ನಿಂದೊಂದು ಸೈನ್ ಬೇಕು' ಅಂದ."

"ನಾನ್ ಯಾವಾಗ ಒತ್ತಿದ್ನೇ?"

ಕಾಗದದ ಕೆಳಗೆ ನೇರಳೆ ಶಾಯಿಯ ಹೆಬ್ಬೆಟ್ಟಿತ್ತು. ದೊಡ್ಡಮುನಿಯಪ್ಪ ತೊಡೆ ಕೆಳಗಿನ ಕೈ ತೆಗೆದು, ಮುಷ್ಟಿ ಬಿಚ್ಚಿ, ತನ್ನ ಹೆಬ್ಬೆಟ್ಟನ್ನು ಅದರ ಪಕ್ಕಕ್ಕಿಟ್ಟು ನೋಡಿದ. ಹಿಪ್ಪುನೇರಳೆ ಕೊಯ್ಯುವಾಗ ಕುಡುಗೋಲು ಎಳೆದ ಗೀರು ಅವನ ಬೆಟ್ಟಿನಲ್ಲಿ ಅಡ್ಡಕ್ಕೆ ಇತ್ತು. ಕಾಗದದ ಬೆಟ್ಟು ನುಣ್ಣಗಿತ್ತು. ಅಕ್ಷರ ಬಾರದಿದ್ದರೇನು, ಇಷ್ಟು ಓದುವುದು ಅವನಿಗೆ ಬರುತ್ತಿತ್ತು.

"ಇದು ನಂದಲ್ಲ."

"ನಿಂದಲ್ಲ ಅಂತ ನಂಗೂ ಗೊತ್ತಾಯ್ತು. ಆ ಗಾಯಕ್ಕೆ ಅರಿಶಿಣ ಒತ್ತಿದ್ದೋಳು ನಾನಲ್ವಾ? ಫೋನಲ್ಲಿ ಹೇಳಾಣ ಅಂದ್ರೆ ಅವ್ನು ಯಾವಾಗ್ಲೂ ನಿನ್ ಪಕ್ದಲ್ಲೇ ಕೂತಿರ್ತಾನೆ. ಅದ್ಕೇ ನಮ್ಮೂರೋರು ಯಾರೂ ಕಾಲಿಡದ ಜಾಗಕ್ಕೆ ಕರ್ಕೊಂಡ್ಬಂದೆ."

ದೊಡ್ಡಮುನಿಯಪ್ಪನಿಗೆ ಮೈಯೆಲ್ಲ ಉರಿಯಿತು. ಊರಿಗೆ ಊರನ್ನೇ ಅನುಮಾನಿಸಿದವನು, ಅನುಮಾನಿಸಬೇಕಾದವನೊಬ್ಬನನ್ನು ಜಗಲಿ ಮೇಲೆ ಕೂರಿಸಿ ದಿನಾ ಕಾಫಿ ಕೊಟ್ಟಿದ್ದ. ಮಗಳ ಮುಖ ನೋಡಲು ನಾಚಿಕೆಯಾಯಿತು.

"ಥೂ, ನನ್ ಬುದ್ಧಿಗಿಷ್ಟು ಬೆಂಕಿ ಹಾಕ," ಅಂದ.

"ನಾಳೆನೇ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡಾಣ ಮಾವ. ಈಗ ಊಟ ಮಾಡಿ," ಅಂದ ನಂದೀಶ್.

ಊಟ ಮಾಡಲು ಏನಿತ್ತು? ತಂದ ಕೋಳಿಯೆಲ್ಲ ಜಾಲರಿಯ ಮೇಲೆ ಕರಕಲಾಗಿತ್ತು. ದೊಡ್ಡಮುನಿಯಪ್ಪ ಟ್ಯಾಬನ್ನು ತನ್ನತ್ತ ಎಳೆದುಕೊಂಡ.

"ಇನ್ನೊಂದ್ ತಟ್ಟೆ ತರ್ಸಾಣ. ಎಲ್ಲಿ ಒತ್ಬೇಕು ತೋರ್ಸು ಮಗ."

ಶಿಲ್ಪ ಕೋಳಿಯ ಚಿತ್ರ ತೋರಿಸಿದಳು. "ಯಾವ ಬೆರಳಾದ್ರೂ ಆಗುತ್ತೆ ಅಪ್ಪ."

ದೊಡ್ಡಮುನಿಯಪ್ಪ ಎಡಗೈ ಹೆಬ್ಬೆಟ್ಟನ್ನೇ ಒತ್ತಿದ.