ರಸ್ತೆ ದಾಟಲು ಬಸ್ಸು

ನಿಂತಲ್ಲಿ ನಿಲ್ಲುವ ಜಾಯಮಾನ ನನ್ನದಲ್ಲ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಲೇ ಇರುತ್ತದೆ. 'ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟವ್ನೆ' ಎಂದು ಅವ್ವ ರೇಗಿಸುತ್ತಾಳೆ. ನಾನು ಗುತ್ತಿಗೆ ಮೇಲೆ ಕೆಲಸ ಮಾಡುವ ಎಂಜಿನಿಯರ್. ಇಂಥವನ ಕೈಗೆ ಕುಶಾಲನಗರದ ಒಂದು ಜಂಕ್ಷನ್ ಸರಿಪಡಿಸುವ ಕೆಲಸ ಬಂತು. ಶುಂಠಿ ಲಾರಿ, ಮಡಿಕೇರಿಗೆ ಹೊರಟ ಪ್ರವಾಸಿಗರ ಕಾರು, ಬಸ್ಸು, ಆಟೋ ಎಲ್ಲ ಅಲ್ಲಿ ಮೂತಿಗೆ ಮೂತಿ ಕೊಟ್ಟು ನಿಲ್ಲುತ್ತಿದ್ದವು. ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ತಿರುವು ಅಗಲ ಮಾಡಿಸಿದೆ, ನಡುವೆ ಸರ್ಕಲ್ ಕಟ್ಟಿಸಿದೆ, ಉದ್ದಕ್ಕೂ ಡಿವೈಡರ್ ಎಬ್ಬಿಸಿದೆ. ಪೊಲೀಸಿನವರು ಕೈ ಅಡ್ಡ ಹಿಡಿಯುವ ಕೆಲಸವೇ ಉಳಿಯಲಿಲ್ಲ. ಸಾಹೇಬರು ಬೆನ್ನು ತಟ್ಟಿದರು. ಸುಳ್ಳೇಕೆ, ಬೀಗಿದೆ.

ಒಂದು ಬೆಳಿಗ್ಗೆ ಡಿವೈಡರ್‌ಗೆ ಬಣ್ಣ ಹೊಡೆಸುತ್ತಿದ್ದೆ. ನಮ್ಮ ಹಳ್ಳಿಯ ಬಸ್ಸು ಬಂದು ಸ್ಟಾಪಿನಲ್ಲಿ ನಿಂತಿತು. ಕಿಟಕಿಯಲ್ಲಿ ಅವ್ವ. ಅವಳ ಮಂಡಿನೋವು ನೋಡುವ ಡಾಕ್ಟರು ವಾರಕ್ಕೊಮ್ಮೆ ಬರುವ ಕ್ಲಿನಿಕ್ಕು ಅಲ್ಲೇ, ರಸ್ತೆಯ ಆಚೆ ಬದಿಗಿದೆ. ಆದರೆ ಅವ್ವ ಇಳಿಯಲೇ ಇಲ್ಲ, ಬಸ್ಸು ಹೊರಟುಹೋಯಿತು. ನಿದ್ದೆ ಹೋದಳೇನೋ ಎಂದು ಚಡಪಡಿಸಿದೆ. ಮುಕ್ಕಾಲು ಗಂಟೆ ಬಿಟ್ಟು, ಬಸ್‌ಸ್ಟ್ಯಾಂಡಿನಿಂದ ಹಿಂದಿರುಗುವ ಇನ್ನೊಂದು ಬಸ್ಸಿನಲ್ಲಿ ಬಂದು ಆಚೆ ಬದಿ ಇಳಿದಳು.

ಡಿವೈಡರ್ ಹಾರಿ ಓಡಿದೆ. 'ಇದೇನವ್ವ?'

'ಮೊದ್ಲು ಪೊಲೀಸಪ್ಪ ಗಾಡಿ ನಿಲ್ಲಿಸೋನು, ದಾಟ್ತಿದ್ದೆ. ಈಗ ಈ ಕಾಲಲ್ಲಿ ಆ ಗೋಡೆ ಹತ್ತಕಾಯ್ತದಾ? ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವೇನ್ಲಾ, ನಂದೇನ್ ಹೋಯ್ತು?'

ರಸ್ತೆ ದಾಟುವುದಕ್ಕೆ ಬಸ್ಸು ಹತ್ತುತ್ತಿದ್ದಳು ನನ್ನವ್ವ. ಅಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. ಹಿಂದಿನ ವಾರವೂ ಹೀಗೇ ಆಯಿತಂತೆ.

'ಬಾ, ಮುಂದಿನ್ ಸಲ ಸರ್ಕಲ್ ಹತ್ರಾನೇ ದಾಟ್ಬಹುದು, ತೋರಿಸ್ತೀನಿ' ಎಂದು ಹಟಕ್ಕೆ ಬಿದ್ದು ಅವಳ ಕೈ ಹಿಡಿದು ನಿಂತೆ. ಒಂದು ಹೆಜ್ಜೆ ಇಡುವುದು, ಹಾರನ್ ಕೇಳಿ ಹಿಂದೆ ಸರಿಯುವುದು. ಎಷ್ಟು ಹೊತ್ತಾದರೂ ಇದೇ ಆಟ. ರೇಗಿ, ಕಾರಿನವನೊಬ್ಬನನ್ನು ಬಾಯಿಗೆ ಬಂದಂತೆ ಬೈದೆ.

ಅವ್ವ ಕೈ ಜಗ್ಗಿದಳು. 'ಅವ್ನ್ಯಾಕ್ ಬಯ್ತೀಯ ಮಗ? ನಿಲ್ಲದಂಗೆ ಮಾಡ್ದೋನು ನೀನಲ್ವಾ?'

ನಕ್ಷೆ ಬರೆಯುವ ಮುಂಚೆ ಮೂರು ದಿನ ಅಲ್ಲಿ ಕೂತು ಲಾರಿ, ಕಾರು, ಬೈಕುಗಳನ್ನೆಲ್ಲ ಎಣಿಸಿದ್ದೆ. ನಡೆದು ಹೋಗುವವರನ್ನು ಎಣಿಸಿರಲಿಲ್ಲ. ಅವ್ವನನ್ನು ಊರಿನ ಬಸ್ಸು ಹತ್ತಿಸಿ ಕಳಿಸಿದೆ.

ಮಧ್ಯಾಹ್ನ ಸಾಹೇಬರ ಮುಂದೆ ನಿಂತೆ. ಡಿವೈಡರನ್ನು ಒಂದು ಕಡೆ ಒಡೆದು ಜನ ದಾಟಲು ದಾರಿ ಬಿಡಬೇಕು, ಅವರು ದಾಟುವಷ್ಟು ಹೊತ್ತು ವಾಹನ ತಡೆದು ನಿಲ್ಲಿಸಬೇಕು ಎಂದೆ.

'ಎಲ್ಲರೂ ಹೊಗಳ್ತಿರೋವಾಗ ಒಡೆಯೋದೇನ್ರೀ? ಯಾರಾದ್ರೂ ದೂರು ಕೊಟ್ಟಿದ್ದಾರಾ?'

ಕೊಟ್ಟಿರಲಿಲ್ಲ. ಕೊಡಬೇಕಾದವಳು, ಆ ಜಂಕ್ಷನ್ ಮಾಡಿದ್ದು ನನ್ನ ಮಗ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವರ ಮೇಜಿನಿಂದಲೇ ಒಂದು ಹಾಳೆ ಎಳೆದುಕೊಂಡು, ನನ್ನ ಕೆಲಸದ ಮೇಲೆ ನಾನೇ ದೂರು ಬರೆದುಕೊಟ್ಟೆ.